ಬೂದಿಯ ಮೇಲೆ ಮರಳಿದ ಹೆಜ್ಜೆಗಳು

ಮನೆಗೆ ಬೆಂಕಿ ಬಿದ್ದರೆ ಮನುಷ್ಯನು ಅದೇ ತಳಪಾಯದ ಮೇಲೆ ಮತ್ತೆ ಗೋಡೆಯನ್ನೆಬ್ಬಿಸುತ್ತಾನೆ. ಅವನನ್ನು ಯಾರೂ ಅವಿವೇಕಿ ಎನ್ನುವುದಿಲ್ಲ. ಹೊಳೆಯುಕ್ಕಿ ಊರನ್ನು ಕೊಚ್ಚಿಕೊಂಡು ಹೋದರೆ ನೀರಿಳಿದ ಮೇಲೆ ಜನರು ಅದೇ ದಂಡೆಗೆ ಮರಳುತ್ತಾರೆ. ಅದನ್ನೂ ಲೋಕವು ಸಹಜವೆಂದೇ ಬಗೆಯುತ್ತದೆ. ಆದರೆ ನೆಲವೇ ಬಾಯ್ದೆರೆದು ಬೆಂಕಿಯನ್ನು ಕಾರಿ, ಹಗಲನ್ನು ಇರುಳಾಗಿಸಿ, ಹೊಲ ಮನೆ ಬೇಲಿಗಳೆಲ್ಲವನ್ನೂ ಬೂದಿಯಡಿಯಲ್ಲಿ ಹೂಳಿಬಿಟ್ಟ ಮೇಲೆ, ಕೆಲವು ತಲೆಮಾರುಗಳು ಕಳೆದು ಅದೇ ಬೆಟ್ಟದ ಬುಡಕ್ಕೆ ಮರಳಿ ಬಂದು ಒಲೆ ಹೂಡುವವರನ್ನು ಏನೆನ್ನಬೇಕು? ಅದು ಮೋಹವೇ? ಮರವೆಯೇ? ಧೈರ್ಯವೇ? ಅಥವಾ ಈ ಮೂರಕ್ಕಿಂತಲೂ ಬೇರೆಯಾದ, ಧರ್ಮವೆಂಬ ಹೆಸರಿಗೆ ಅರ್ಹವಾದ ಒಂದು ಬುದ್ಧಿಯೇ?

ಈ ಪ್ರಶ್ನೆಯನ್ನು ಒಬ್ಬ ವ್ಯಕ್ತಿಯ ವಿಷಯದಲ್ಲಿ ಕೇಳಿದರೆ ಉತ್ತರವು ಅವನ ಸ್ವಭಾವವನ್ನು ಅವಲಂಬಿಸುತ್ತದೆ. ಒಂದು ಜನಸಮುದಾಯದ ವಿಷಯದಲ್ಲಿ, ಅದೂ ಸಾವಿರಾರು ವರ್ಷಗಳ ಅವಧಿಯನ್ನು ಹಿಡಿದು ಕೇಳಿದರೆ, ಉತ್ತರವನ್ನು ಪುರಾತತ್ತ್ವಜ್ಞರ ಗುದ್ದಲಿಯ ತುದಿಯಲ್ಲಿ ಹುಡುಕಬೇಕಾಗುತ್ತದೆ. ಲಿಪಿಯಿಲ್ಲದ ಜನರು ತಮ್ಮ ಕಷ್ಟವನ್ನು ಬರೆದಿಟ್ಟು ಹೋಗಲಿಲ್ಲ. ಆದರೆ ಬೂದಿಯು ಒಬ್ಬ ವಿಚಿತ್ರನಾದ ಕರಣಿಕನಿದ್ದಂತೆ. ಅದು ಒಮ್ಮೆಲೇ ಬಿದ್ದು, ತನ್ನಡಿಯಲ್ಲಿದ್ದುದನ್ನು ಇದ್ದಂತೆಯೇ ಮುಚ್ಚಿ, ಮುಂದೆ ಬಂದವರ ಹೆಜ್ಜೆಯನ್ನು ತನ್ನ ಮೇಲೆ ಬೇರೆಯಾಗಿ ಬರೆದುಕೊಳ್ಳುತ್ತದೆ. ಪದರದ ಕೆಳಗಿನದು ಮೊದಲು, ಮೇಲಿನದು ಆಮೇಲೆ. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಯಾವ ಶಾನುಭೋಗನೂ ಇಟ್ಟಿರಲಾರನು.

ಪೂರ್ವಪಕ್ಷವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಗ್ನಿಪರ್ವತದ ಮಣ್ಣು ಫಲವತ್ತಾದುದು. ಆದುದರಿಂದ ಬೆಳೆಯ ಆಸೆಗಾಗಿ ಜನರು ಅಪಾಯವನ್ನು ಲೆಕ್ಕಿಸದೆ ಅಲ್ಲಿಗೇ ಮರಳುತ್ತಾರೆ. ಇದರಲ್ಲಿ ಧರ್ಮವೂ ಇಲ್ಲ, ಧೈರ್ಯವೂ ಇಲ್ಲ, ಹೊಟ್ಟೆಯ ಪಾಡು ಮಾತ್ರ ಇದೆ ಎಂಬುದು ಆ ವಾದ. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ. ಹೊಸದಾಗಿ ಬಿದ್ದ ದಟ್ಟವಾದ ಬೂದಿಯಲ್ಲಿ ಬೆಳೆ ಬಾರದು. ಅದು ಮಳೆಗೆ ನೆನೆದು, ಬಿಸಿಲಿಗೆ ಬೆಂದು, ಗಿಡಬಳ್ಳಿಗಳ ಬೇರಿಗೆ ಸಿಕ್ಕಿ ಮಣ್ಣಾಗಲು ಹಲವು ದಶಕಗಳು ಬೇಕು, ಕೆಲವೆಡೆ ಶತಮಾನಗಳೇ ಬೇಕು. ಅಷ್ಟು ಕಾಲ ಬೇರೆಡೆ ನೆಲೆನಿಂತು ಹೊಲ ಮಾಡಿಕೊಂಡವನ ಮೊಮ್ಮಗನಿಗೆ ಹಳೆಯ ನೆಲದ ಆಸೆಯು ಹೊಟ್ಟೆಯಿಂದಲೇ ಹುಟ್ಟಬೇಕೆಂಬ ನಿಯಮವೇನೂ ಇಲ್ಲ.

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಅರೆನಾಲ್ ಎಂಬ ಶಿಖರವಿದೆ. ಅದು ಬರಿಯ ಬೆಟ್ಟವೆಂದೇ ಸುತ್ತಲಿನವರು ನಂಬಿದ್ದರು. 1968ನೆಯ ಇಸವಿ ಜುಲೈ 29ರಂದು ಅದು ಸಿಡಿದು ಎಂಬತ್ತರಷ್ಟು ಜನರನ್ನು ಬಲಿತೆಗೆದುಕೊಂಡಿತು. ಆಮೇಲೆ, 1980ರ ದಶಕದಲ್ಲಿ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪೇಸನ್ ಶೀಟ್ಸ್ ಎಂಬ ವಿದ್ವಾಂಸರು ಆ ಪ್ರದೇಶವನ್ನು ಅಗೆದು ನೋಡಿದರು. ಸುಮಾರು 4,000 ವರ್ಷಗಳಲ್ಲಿ ಹತ್ತರಷ್ಟು ದೊಡ್ಡ ಸ್ಫೋಟಗಳ ಬೂದಿ ಅಲ್ಲಿ ಪದರಪದರವಾಗಿ ಕೂತಿತ್ತು. ಆ ಪದರಗಳ ನಡುನಡುವೆ ಸಣ್ಣ ಸಣ್ಣ ಹಳ್ಳಿಗಳ ಕುರುಹು. ಒಂದೊಂದು ಸ್ಫೋಟವಾದ ಮೇಲೂ ಜನರು ಮರಳಿದ್ದರು. ಮರಳಿದವರ ಮಡಕೆಯ ಮಾಟವೂ ಕಲ್ಲಿನ ಹತಾರಗಳ ರೀತಿಯೂ ಹೋದವರದಕ್ಕಿಂತ ಬಹಳವಾಗಿ ಬೇರೆಯಾಗಿರಲಿಲ್ಲ. ಅಂದರೆ ಖಾಲಿಯಾದ ನೆಲಕ್ಕೆ ಯಾರೋ ಅನ್ಯರು ಬಂದು ಸೇರಿಕೊಂಡರೆಂದು ಹೇಳುವಂತಿಲ್ಲ. ಅದೇ ಬಾಳಿನ ಎಳೆ ಮುಂದುವರಿದಿತ್ತು.

ಇದಕ್ಕಿಂತಲೂ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದುಂಟು. ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾದವರು ವಿಮಾನದಿಂದ ತೆಗೆದ, ಕಣ್ಣಿಗೆ ಕಾಣದ ಕಿರಣಗಳನ್ನೂ ಗುರುತಿಸುವ ಚಿತ್ರಗಳಲ್ಲಿ, ಹುಲ್ಲುಗಾವಲಿನ ನಡುವೆ ಹಾದುಹೋಗುವ ಸಣ್ಣ ಗೆರೆಗಳು ಕಂಡುವು. ಅಲ್ಲಿ ಅಗಳು ತೋಡಿ ನೋಡಿದಾಗ ಅವು ಪ್ರಾಚೀನರ ಕಾಲುದಾರಿಗಳೆಂದು ಗೊತ್ತಾಯಿತು. ಯಾರೂ ಕಡಿದು ಮಾಡಿದ ದಾರಿಗಳಲ್ಲ. ನಡೆದು ನಡೆದು, ಮಳೆಯ ನೀರು ಹರಿದು ಹರಿದು, ಕೆಲವೆಡೆ ಆಳುದ್ದಕ್ಕೂ ಹೆಚ್ಚು ತಗ್ಗಾದ ದಾರಿಗಳು. ಅವುಗಳ ಗುರಿ ಹೊಲವಲ್ಲ, ಸಂತೆಯಲ್ಲ, ಅರಮನೆಯಂತೂ ಅಲ್ಲವೇ ಅಲ್ಲ. ಅವು ಊರಿನಿಂದ ಹೊರಟು ದಿಬ್ಬದ ಮೇಲಿನ ಶ್ಮಶಾನಕ್ಕೆ ಹೋಗುತ್ತಿದ್ದುವು. ಶ್ಮಶಾನದಲ್ಲಿ ಚಪ್ಪಟೆ ಕಲ್ಲುಗಳನ್ನು ಹೊದಿಸಿದ ಗೋರಿಗಳಿದ್ದುವು. ಅವುಗಳ ಬಳಿ ಅಡುಗೆಯ ಮಡಕೆಗಳ ಚೂರುಗಳೂ ಇದ್ದುವು. ಹೆಣವನ್ನು ಹೂಳಿ ಕೈತೊಳೆದುಕೊಂಡು ಹಿಂದಿರುಗುವ ಪದ್ಧತಿ ಅವರದಾಗಿರಲಿಲ್ಲ. ಅಲ್ಲಿಯೇ ಅಟ್ಟು ಉಂಡು ತಮ್ಮ ಹಿರಿಯರ ಸನ್ನಿಧಿಯಲ್ಲಿ ಹೊತ್ತು ಕಳೆಯುತ್ತಿದ್ದರು. ಬೂದಿ ಬಿತ್ತು, ಊರು ಬರಿದಾಯಿತು, ಮತ್ತೆ ಜನ ಬಂದಾಗ ಹೊಸ ಬೂದಿಯ ಮೇಲೆ ಅದೇ ಜಾಡಿನಲ್ಲಿ ಅದೇ ಗೋರಿಗಳ ಕಡೆಗೆ ನಡೆದರು. ಕೆಳಗಿನ ದಾರಿಯ ಮೇಲೆ ಬೂದಿಯ ಪದರ, ಆ ಪದರದ ಮೇಲೆ ಮತ್ತೆ ಅದೇ ದಾರಿ. ತಗ್ಗಾದ ಜಾಗದ ಮೇಲೆ ಬೂದಿ ಬಿದ್ದರೂ ತಗ್ಗು ತಗ್ಗಾಗಿಯೇ ಕಂಡಿರಬಹುದು, ಕಣ್ಣಿಗೆ ಕಂಡ ದಾರಿಯನ್ನು ಕಾಲು ಹಿಡಿದಿರಬಹುದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಗಲಿ. ದಾರಿ ಕಂಡಿರಬಹುದು, ಆದರೆ ಆ ದಾರಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಮಲಗಿರುವವರು ಯಾರು ಎಂಬುದನ್ನು ಕಣ್ಣು ಹೇಳಲಾರದು. ಅದನ್ನು ಅಜ್ಜಿಯೋ ಅಜ್ಜನೋ ಹೇಳಿರಬೇಕು.

ಆದುದರಿಂದ ಮರಳುವಿಕೆಯನ್ನು ಬರಿಯ ಮರವೆ ಎಂದು ಹೇಳುವವರಿಗೆ ಅರೆನಾಲಿನ ಕಾಲುದಾರಿಗಳೇ ಉತ್ತರ. ಮರೆತವರು ಹೊಸ ದಾರಿ ಮಾಡುತ್ತಾರೆ; ನೆನಪಿಟ್ಟವರು ಹಳೆಯ ದಾರಿಯನ್ನು ಹುಡುಕುತ್ತಾರೆ. ಇನ್ನು ಮೋಹವೆನ್ನುವುದಾದರೆ, ಯಾವ ಲಾಭವನ್ನೂ ಕೊಡಲಾರದ, ಸತ್ತುಹೋದ ಹಿರಿಯರ ಮೇಲಣ ಆ ಅಕ್ಕರೆಗೆ ಮೋಹವೆಂಬ ಹೆಸರನ್ನಿಡುವ ಮುನ್ನ ಶಬ್ದದ ಅರ್ಥವನ್ನು ಇನ್ನೊಮ್ಮೆ ವಿಚಾರಿಸಬೇಕಾದೀತು. ಪಡೆಯಬೇಕೆಂಬುದು ಮೋಹದ ಲಕ್ಷಣ. ಇಲ್ಲಿ ಪಡೆಯುವುದೇನೂ ಕಾಣುವುದಿಲ್ಲ. ಸಲ್ಲಿಸಬೇಕೆಂಬುದು ಮಾತ್ರ ಕಾಣುತ್ತದೆ.

ಇಷ್ಟಾದರೂ, ಮರಳಬೇಕೆಂಬ ಮನಸ್ಸಿದ್ದ ಮಾತ್ರಕ್ಕೆ ಮರಳುವುದು ಸಾಧ್ಯವಾಗುವುದಿಲ್ಲ. ಇವರಿಗೆ ಅದು ಹೇಗೆ ಸಾಧ್ಯವಾಯಿತು? ಶೀಟ್ಸ್ ಅವರ ವಿಚಾರವಿದು: ಅರೆನಾಲಿನ ಜನರ ಊರುಗಳು ಚಿಕ್ಕವು, ಅಲ್ಲೊಂದು ಇಲ್ಲೊಂದು ಚದರಿದ್ದುವು, ಅವರು ಒಂದೇ ಬೆಳೆಯನ್ನು ನೆಚ್ಚದೆ ಕಾಡಿನ ಹಣ್ಣು ಕಾಯಿ ಬೇಟೆಗಳಿಂದಲೂ ಬದುಕುತ್ತಿದ್ದರು, ಕಪ್ಪಕಾಣಿಕೆಗಳನ್ನು ಕೇಳುವ ಪ್ರಭು ಅವರ ಮೇಲಿರಲಿಲ್ಲ, ಸುತ್ತಲೂ ಆಶ್ರಯಕ್ಕೆ ಹೋಗಬಲ್ಲ ನೆಲವಿತ್ತು. ಹೀಗಾಗಿ ಏಟು ಬಿದ್ದಾಗ ಅವರು ಬಾಗಿದರು, ಮುರಿಯಲಿಲ್ಲ. ದೊಡ್ಡ ನಗರಗಳು, ತುಂಬಿದ ಕಣಜಗಳು, ಒಂದನ್ನೊಂದು ನೆಚ್ಚಿ ನಿಂತ ಅಧಿಕಾರದ ಮೆಟ್ಟಿಲುಗಳು ಇರುವ ಸಮಾಜಗಳಲ್ಲಿ ಒಂದು ಕಂಬ ಕುಸಿದರೆ ಚಪ್ಪರವೇ ಬೀಳುವುದುಂಟು.

ಇದನ್ನು ಕೇಳಿದೊಡನೆ ಅಪರಿಗ್ರಹದ ಮಹಿಮೆಯನ್ನು ಕೊಂಡಾಡುವ ಉತ್ಸಾಹ ಹುಟ್ಟುವುದು ಸಹಜ. ಸ್ವಲ್ಪ ತಡೆಯಬೇಕು. ಇಲ್ಲದವನ ಹಗುರತನಕ್ಕೂ ಬಿಟ್ಟವನ ಹಗುರತನಕ್ಕೂ ಅಂತರವುಂಟು. ಅರೆನಾಲಿನ ಹಳ್ಳಿಗರು ವ್ರತವಾಗಿ ಸಂಗ್ರಹವನ್ನು ತೊರೆದವರೆಂದು ತೋರುವುದಿಲ್ಲ; ಅವರ ಬಾಳು ಹಾಗಿತ್ತು, ಅಷ್ಟೆ. ಸಂಗ್ರಹವಿದ್ದವರು ಆಪತ್ತಿನಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ನೋಡಿದ ಮೇಲೆಯೇ ನಿರ್ಣಯಕ್ಕೆ ಬರುವುದು ನ್ಯಾಯ.

ಅದಕ್ಕೆ ಎಲ್ ಸಾಲ್ವಡಾರ್ ದೇಶದ ಸೆರೆನ್ ಎಂಬ ಹಳ್ಳಿ ಒಳ್ಳೆಯ ನಿದರ್ಶನ. ಕ್ರಿ. ಶ. 431ರ ಸುಮಾರಿನಲ್ಲಿ ಆ ದೇಶದ ಇಲೊಪಾಂಗೊ ಅಗ್ನಿಪರ್ವತವು ಭಯಂಕರವಾಗಿ ಸಿಡಿದು ಸುತ್ತಣ ಸೀಮೆಯನ್ನೆಲ್ಲ ಬಿಳಿಯ ಬೂದಿಯಿಂದ ಮುಚ್ಚಿತು. ಆ ಬೂದಿ ಮಣ್ಣಾದ ಮೇಲೆ ಮರಳಿ ಬಂದ ಮಾಯಾ ಸೀಮೆಯ ರೈತರು ಕಟ್ಟಿಕೊಂಡ ಊರು ಸೆರೆನ್. ಏಳನೆಯ ಶತಮಾನದಲ್ಲೊಂದು ಸಂಜೆ ಕೂಗಳತೆಯ ದೂರದಲ್ಲಿ ಹೊಸದೊಂದು ಬಾಯಿ ಬಿರಿದು ಊರನ್ನು ನಾಲ್ಕರಿಂದ ಏಳು ಮೀಟರುಗಳ ಬೂದಿಯಲ್ಲಿ ಹೂಳಿತು. 1976ರಲ್ಲಿ ಧಾನ್ಯದ ಉಗ್ರಾಣಕ್ಕಾಗಿ ನೆಲವನ್ನು ಸಮಮಾಡುತ್ತಿದ್ದ ಯಂತ್ರವೊಂದು ಆಕಸ್ಮಿಕವಾಗಿ ಅದನ್ನು ಹೊರಗೆಡಹಿತು. 1978ರಿಂದ ಅಲ್ಲಿಯೂ ಶೀಟ್ಸ್ ಅವರೇ ಶೋಧನೆಯನ್ನು ನಡೆಸಿದರು. ಬೂದಿಯಲ್ಲಿ ಕೊಳೆತುಹೋದ ಗಿಡಗಳು ಬಿಟ್ಟುಹೋದ ಪೊಳ್ಳುಗಳಿಗೆ ಗಾರೆಯನ್ನು ಹೊಯ್ದಾಗ ಗೋವಿನಜೋಳದ ದಂಟುಗಳು ಎಲೆ ಸಹಿತ ಎದ್ದುಬಂದುವು. ಮರಗೆಣಸಿನ ಹೊಲವೂ ಸಿಕ್ಕಿತು. ಒಂದೊಂದು ಸಂಸಾರಕ್ಕೂ ಮಲಗುವುದಕ್ಕೊಂದು, ಅಡುಗೆಗೊಂದು, ಉಗ್ರಾಣಕ್ಕೊಂದು ಎಂದು ಬೇರೆ ಬೇರೆ ಕಟ್ಟಡಗಳು. ಒಂದೊಂದು ಮನೆಯಲ್ಲಿ ಎಪ್ಪತ್ತರಷ್ಟು ಮಡಕೆಗಳು. ಕಟ್ಟಿಹಾಕಿದ ಒಂದು ಬಾತುಕೋಳಿ, ಸೂರಿನ ಹುಲ್ಲಿನಲ್ಲಿ ಇಲಿಗಳು. ಉಂಡ ಪಾತ್ರೆಗಳು ತೊಳೆಯದೆ ಉಳಿದಿದ್ದುವು. ಮಲಗುವ ಚಾಪೆಗಳನ್ನು ಇನ್ನೂ ಹಾಸಿರಲಿಲ್ಲ.

ಇವರು ಬಡವರಲ್ಲ. ಹೊತ್ತೊಯ್ಯುವುದಕ್ಕೆ ಬೇಕಾದಷ್ಟು ಇದ್ದವರು. ಆದರೆ ಅಗೆದ ಭಾಗದಲ್ಲಿ ಒಂದೇ ಒಂದು ಮನುಷ್ಯದೇಹವೂ ಸಿಕ್ಕಿಲ್ಲ. ಬೆಲೆಯುಳ್ಳ ವಸ್ತುಗಳು ಇದ್ದಲ್ಲಿಯೇ ಉಳಿದಿವೆ, ಮನುಷ್ಯರು ಇಲ್ಲ. ಕಣಜವನ್ನು ನೋಡಿ ಕಾಲು ತಡೆದವರು ಯಾರೂ ಇದ್ದಂತಿಲ್ಲ. 2011ರಲ್ಲಿ ಆ ಊರಿನಿಂದ ದಕ್ಷಿಣಕ್ಕೆ ಹೋಗುವ ಒಂದು ರಸ್ತೆ ಪತ್ತೆಯಾಯಿತು. ಬೆಂಕಿ ಬಂದದ್ದು ಉತ್ತರದಿಂದ. ಓಡಿದವರು ಆ ರಸ್ತೆಯನ್ನು ಹಿಡಿದಿದ್ದರೆ ಆಶ್ಚರ್ಯವಿಲ್ಲ. ಆ ರಸ್ತೆಯನ್ನು ಯಾವುದರಿಂದ ಮಾಡಿದ್ದರು ಗೊತ್ತೇ? ಇಲೊಪಾಂಗೊ ಉಗುಳಿದ ಬಿಳಿಯ ಬೂದಿಯನ್ನೇ ದಮ್ಮಸು ಮಾಡಿ ಕಟ್ಟಿದ್ದರು. ಪೂರ್ವಿಕರನ್ನು ಓಡಿಸಿದ ಬೂದಿಯು ಮಕ್ಕಳಿಗೆ ಓಡುವ ಹಾದಿಯಾಗಿ ನೆಲದ ಮೇಲೆ ಬಿದ್ದಿತ್ತು.

ಹೀಗಿರಲಾಗಿ, ಸಂಗ್ರಹವೇ ನಾಶಕ್ಕೆ ಕಾರಣವೆಂಬುದು ಪೂರ್ತಿ ನಿಲ್ಲದು. ಇಟ್ಟುಕೊಂಡುದನ್ನು ಕ್ಷಣದಲ್ಲಿ ಬಿಡಬಲ್ಲ ಮನಸ್ಸಿತ್ತೇ ಇಲ್ಲವೇ ಎಂಬುದೇ ವಿಚಾರಣೀಯ. ಇದ್ದವನೂ ಬಿಡಬಲ್ಲನು, ಇಲ್ಲದವನೂ ಅಂಟಿಕೊಂಡು ಸಾಯಬಲ್ಲನು.

ಸೆರೆನಿಗೆ ಹತ್ತಿರದಲ್ಲೇ ಸ್ಯಾನ್ ಆಂಡ್ರೆಸ್ ಎಂಬ ಸ್ಥಳವುಂಟು. ಅಲ್ಲಿಯ ಒಂದು ದೊಡ್ಡ ಪಿರಮಿಡ್ಡನ್ನು ಅಕಿರಾ ಇಚಿಕಾವಾ ಎಂಬ ಜಪಾನೀ ವಿದ್ವಾಂಸರು ಶೋಧಿಸಿ 2021ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ವಿಸ್ಮಯಕರವಾಗಿದೆ. ಇಲೊಪಾಂಗೊ ಸಿಡಿದ ಮೇಲೆ ಆ ಕಣಿವೆಗೆ ಜನ ಮರಳಲು ಬಹುಕಾಲ ಹಿಡಿಯಿತೆಂದು ಹಿಂದಿನವರು ಎಣಿಸಿದ್ದರು. ಆದರೆ ಆ ಕಟ್ಟಡವು ಕೆಲವೇ ದಶಕಗಳಲ್ಲಿ ಮೇಲೆದ್ದಿತ್ತು, ಮತ್ತು ಅದರ ಕಟ್ಟಣೆಯಲ್ಲಿ ಅದೇ ಬೂದಿಯ ಗಟ್ಟಿಗಳನ್ನು ಕೊರೆದು ಬಳಸಿದ್ದರು. ಹಾಳಾದ ನೆಲದಲ್ಲಿ ಮೊದಲು ಮಾಡಬೇಕಾದುದು ಹೊಲವೇ, ಮನೆಯೇ, ದೇವಾಲಯವೇ? ಲೌಕಿಕನು ನಕ್ಕು ಹೊಲವೆಂದಾನು. ಆದರೆ ಚದರಿಹೋದವರನ್ನು ಒಂದೆಡೆ ಕೂಡಿಸಿ, ಒಂದು ಕೆಲಸಕ್ಕೆ ಹಚ್ಚಿ, ಮತ್ತೆ ಊರೆಂಬ ಭಾವನೆಯನ್ನು ಹುಟ್ಟಿಸುವುದಕ್ಕೆ ಇಂತಹ ಮಹಾಕಾರ್ಯವೊಂದು ಸಾಧನವಾಯಿತೆಂದು ಶೋಧಕರು ಊಹಿಸುತ್ತಾರೆ. ಊಹೆಯೇನೋ ಸಮಂಜಸವಾಗಿದೆ. ಆದರೆ ಕಲ್ಲು ಹೊತ್ತವರು ಒಲಿದು ಹೊತ್ತರೋ ಅಂಜಿ ಹೊತ್ತರೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ದುಡಿಮೆ ಒಂದೇ ಬಗೆಯದಾದರೂ ಒಲವಿನ ದುಡಿಮೆಗೂ ಬಿಟ್ಟಿಯ ದುಡಿಮೆಗೂ ಧರ್ಮದ ತಕ್ಕಡಿಯಲ್ಲಿ ಬೇರೆ ಬೇರೆ ತೂಕ.

ಬೆಟ್ಟದೊಡನೆ ಮನುಷ್ಯನು ಇಟ್ಟುಕೊಂಡ ಸಂಬಂಧದ ವಿಚಾರವನ್ನು ಬಿಟ್ಟರೆ ಈ ಪ್ರಶ್ನೆ ಅಪೂರ್ಣವಾಗುತ್ತದೆ. ಮೆಕ್ಸಿಕೋ ದೇಶದ ಪೊಪೊಕಾಟೆಪೆಟ್ಲ್ ಅಗ್ನಿಪರ್ವತದ ಮಗ್ಗುಲಲ್ಲಿ ಟೆಟಿಂಪಾ ಎಂಬ ಹಳ್ಳಿಯೊಂದಿತ್ತು. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಅದು ಹೂತುಹೋಯಿತು. ಪೆಟ್ರೀಷಿಯಾ ಪ್ಲಂಕೆಟ್ ಮತ್ತು ಗೇಬ್ರಿಯೆಲಾ ಉರುನ್ಯುವೆಲಾ ಎಂಬ ವಿದುಷಿಯರು 1990ರ ದಶಕದಲ್ಲಿ ಅದನ್ನು ಅಗೆದಾಗ, ಮನೆಗಳ ಅಂಗಳದ ನಡುವೆ ಅಗ್ನಿಪರ್ವತದ ಆಕಾರದ ಪುಟ್ಟ ಗುಡಿಗಳು ಸಿಕ್ಕಿದುವು. ಒಳಗೆ ಕೆಂಡವಿಟ್ಟರೆ ಹೊಗೆಯು ಮೇಲಿನ ಬಾಯಿಂದ ಹೊರಡುವಂತೆ ಅವುಗಳಲ್ಲಿ ಕಂಡಿಯನ್ನು ಬಿಟ್ಟಿದ್ದರು. ಹೊರಗೆ ಆಕಾಶದಲ್ಲಿ ಹೊಗೆಯುಗುಳುವ ದೊಡ್ಡ ಬೆಟ್ಟ, ಅಂಗಳದಲ್ಲಿ ಹೊಗೆಯುಗುಳುವ ಸಣ್ಣ ಬೆಟ್ಟ. ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಸನ್‌ಸೆಟ್ ಕ್ರೇಟರ್ ಎಂಬ ಅಗ್ನಿಪರ್ವತವು ಕ್ರಿ. ಶ. 1085ರ ಸುಮಾರಿನಲ್ಲಿ ಸಿಡಿದಾಗ ಅಲ್ಲಿಯ ಜನರು ಹೊರಚಿಮ್ಮುವ ಲಾವಾದ ಬಳಿಗೆ ಹೋಗಿ ಗೋವಿನಜೋಳದ ತೆನೆಗಳನ್ನು ಇಟ್ಟರು. ಹೆಪ್ಪುಗಟ್ಟಿದ ಲಾವಾದಲ್ಲಿ ತೆನೆಯ ಸಾಲು ಸಾಲು ಕಾಳುಗಳ ಅಚ್ಚು ಮೂಡಿತು. ಆ ಕಲ್ಲುಗಳನ್ನು ಹೊತ್ತುತಂದು ಮನೆಯ ಕಟ್ಟಣೆಯಲ್ಲಿ ಸೇರಿಸಿಕೊಂಡರು. ಹರಿಯುವ ಲಾವಾದ ಮೇಲೆ ಸುಮ್ಮನೆ ಎಸೆದ ತೆನೆ ಸುಟ್ಟುಹೋಗುತ್ತದೆ. ಕರಗಿದ ಹನಿಗಳು ಸಿಡಿದು ಬೀಳುವ ಬಾಯಿಯ ಬಳಿ ಬೇಕೆಂದೇ ಇಟ್ಟಾಗ ಮಾತ್ರ ಇಂತಹ ಅಚ್ಚು ಬೀಳಬಲ್ಲುದೆಂಬುದು ಶೋಧಕರ ನಿರ್ಣಯ. ಅಂದರೆ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಅಲ್ಲಿಗೆ ಹೋದವರಿದ್ದರು.

ಇದು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಬೆಟ್ಟ ಸಿಡಿಯುವುದು ಭೂಗರ್ಭದ ಒತ್ತಡದಿಂದ, ತೆನೆಯಿಟ್ಟರೆ ಅದು ತಣಿಯದು. ಈ ಮಾತನ್ನು ಇಂದು ಶಾಲೆಯ ಹುಡುಗನೂ ಹೇಳಬಲ್ಲನು. ಆದರೆ ಕಾರಣವನ್ನರಿಯದವರು ಪ್ರಮಾಣವನ್ನರಿತಿದ್ದರು. ಆ ಸೀಮೆಯಲ್ಲಿ ಬೂದಿ ದಪ್ಪವಾಗಿ ಬಿದ್ದ ಎಡೆಗಳನ್ನು ಬಿಟ್ಟು, ತೆಳ್ಳಗೆ ಕೆಲವೇ ಬೆರಳಿನಷ್ಟು ಬಿದ್ದ ವುಪಾಟ್ಕಿಯ ಕಡೆಗೆ ಜನರು ಸರಿದರು. ಅಲ್ಲಿ ಮೊದಲು ಬೇಸಾಯಕ್ಕೆ ಒದಗದಷ್ಟು ಒಣನೆಲ. ತೆಳುವಾದ ಬೂದಿಯ ಹೊದಿಕೆಯು ಮಣ್ಣಿನ ತೇವವನ್ನು ಹಿಡಿದಿಟ್ಟುಕೊಂಡಿತು. ಮುಂದಿನ ಶತಮಾನದಲ್ಲಿ ಅಲ್ಲಿ ಕಲ್ಲಿನ ಬಹುಕೋಣೆಗಳ ವಸತಿಯೇ ಎದ್ದುನಿಂತಿತು. ತೆನೆಯಿಟ್ಟ ಕೈಯೇ ಬೂದಿಯ ದಪ್ಪವನ್ನೂ ಅಳೆಯಿತು. ಭಯಭಕ್ತಿಯೂ ವಿವೇಚನೆಯೂ ಒಂದನ್ನೊಂದು ಹೊರದೂಡಬೇಕೆಂಬುದು ಈಚಿನವರ ಕಲ್ಪನೆ. ಹಳಬರ ಮನೆಯಲ್ಲಿ ಅವೆರಡೂ ಒಂದೇ ಒಲೆಯ ಮುಂದೆ ಕುಳಿತಿದ್ದುವು.

ಈವರೆಗಿನ ನಿದರ್ಶನಗಳೆಲ್ಲ ಮನುಷ್ಯನ ತಾಳ್ಮೆಯನ್ನು ಎತ್ತಿಹಿಡಿಯುತ್ತವೆ. ಅಪಾಯವೂ ಇಲ್ಲಿಯೇ ಇದೆ. ತಾಳಬಲ್ಲರೆಂಬುದನ್ನು ಕಂಡವರು ತಾಳಲಿ ಬಿಡು ಎಂದುಬಿಡುವ ಸಂಭವವುಂಟು. ಇಟಲಿಯ ಪೊಂಪೈ ನಗರದ ಕಥೆಯನ್ನು ಈ ದೃಷ್ಟಿಯಿಂದ ಓದಬೇಕು. ಕ್ರಿ. ಶ. 62ರಲ್ಲಿ ಭೂಕಂಪವಾಗಿ ಬಿರುಕುಬಿಟ್ಟ ಆ ಪಟ್ಟಣವನ್ನು ಜನರು ದುರಸ್ತಿ ಮಾಡುತ್ತಲೇ ಇದ್ದರು. 79ರಲ್ಲಿ ವೆಸೂವಿಯಸ್ ಅದನ್ನು ಹೂಳಿತು. ಸಾವಿರಾರು ಜನ ಸತ್ತರೂ ಎಲ್ಲರೂ ಸಾಯಲಿಲ್ಲ. ಸ್ಟೀವನ್ ಟಕ್ ಎಂಬ ಇತಿಹಾಸಜ್ಞರು ಪೊಂಪೈಯ ಮನೆತನಗಳ ಹೆಸರುಗಳನ್ನು ನೆರೆಯ ಪಟ್ಟಣಗಳ ಶಾಸನಗಳಲ್ಲಿ ಹುಡುಕಿ, ಬದುಕುಳಿದವರಲ್ಲಿ ಹಲವರು ಕ್ಯೂಮೀ, ನೇಪಲ್ಸ್, ಪ್ಯೂಟಿಯೊಲಿ, ಒಸ್ಟಿಯಾ ಮುಂತಾದ ಊರುಗಳಲ್ಲಿ ನೆಲೆನಿಂತುದನ್ನು ತೋರಿಸಿದ್ದಾರೆ. ಚಕ್ರವರ್ತಿ ಟೈಟಸ್ ವಾರಸುದಾರರಿಲ್ಲದೆ ಸತ್ತವರ ಆಸ್ತಿಯನ್ನು ಪುನರ್ನಿರ್ಮಾಣಕ್ಕೆ ಕೊಟ್ಟನೆಂದು ರೋಮಿನ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಇದು ರಾಜಧರ್ಮಕ್ಕೆ ಒಪ್ಪುವ ನಡತೆಯೇ ಸರಿ.

ಆದರೆ 2025ರಲ್ಲಿ ಪೊಂಪೈಯ ಉತ್ಖನನಕಾರರು ಇನ್ನೊಂದು ಸಂಗತಿಯನ್ನು ಹೊರಗಿಟ್ಟರು. ಹೋಗಲು ಬೇರೆಡೆಯಿಲ್ಲದ ಕೆಲವರು ಆ ಹಾಳೂರಿಗೇ ಮರಳಿ, ಬೂದಿಯ ಮೇಲೆ ತಲೆಯೆತ್ತಿ ನಿಂತಿದ್ದ ಮಹಡಿಗಳಲ್ಲಿ ಹೊಕ್ಕು ಬಾಳಿದ್ದರು. ಕೆಳಗಣ ಅಂತಸ್ತು ನೆಲಮಾಳಿಗೆಯಾಯಿತು. ಅಲ್ಲಿ ಒಲೆ ಹಾಕಿದರು, ಬೀಸುವ ಕಲ್ಲನ್ನು ಹೂಡಿದರು. ನಗರದ ಸ್ನಾನಗೃಹಗಳಾಗಲಿ ಚೌಕಗಳಾಗಲಿ ಮತ್ತೆ ಏಳಲಿಲ್ಲ. ಐದನೆಯ ಶತಮಾನದವರೆಗೂ ಅಂತಹ ಬಡ ವಸತಿ ಅಲ್ಲಿ ಮುಂದುವರಿದಿರಬಹುದೆಂದು ಅವರ ಅಭಿಪ್ರಾಯ. ಇವರೂ ಮರಳಿದವರೇ, ಅರೆನಾಲಿನವರೂ ಮರಳಿದವರೇ. ಆದರೆ ಅವರ ಮರಳುವಿಕೆಯನ್ನೂ ಇವರದನ್ನೂ ಒಂದೇ ಹೊಗಳಿಕೆಯಿಂದ ಸುತ್ತಿಡುವುದು ನ್ಯಾಯವಲ್ಲ. ಹಿರಿಯರ ಗೋರಿಯ ದಾರಿಯನ್ನು ಹುಡುಕಿಕೊಂಡು ಬಂದವರದು ಒಂದು ಬಗೆ. ಬೇರೆ ಊರಿನ ಬಾಗಿಲು ತೆರೆಯದಿದ್ದುದರಿಂದ ಹಾಳುಗೋಡೆಯ ಆಸರೆಗೆ ಬಂದವರದು ಇನ್ನೊಂದು. ಮೊದಲನೆಯದರಲ್ಲಿ ಮರಳಿದವನ ಧರ್ಮವನ್ನು ಕೇಳಬೇಕು. ಎರಡನೆಯದರಲ್ಲಿ ಬಾಗಿಲು ತೆರೆಯದವನ ಧರ್ಮವನ್ನು ಕೇಳಬೇಕು. ಆಪತ್ತಿಗೆ ಹೊಂದಿಕೊಳ್ಳುವ ಸಾಮರ್ಥ್ಯವೆಂದು ವಿದ್ವಾಂಸರು ಇಂದು ಹಾಡುವ ಗುಣದಲ್ಲಿ ಈ ಎರಡೂ ಬೆರೆತುಕೊಂಡಿರುವುದು ಚಿಂತೆಗೆ ಆಸ್ಪದವಾದ ಮಾತು.

ಓಡುವವನಿಗೆ ಹೋಗಿ ಸೇರಲು ಒಂದು ಮನೆ ಬೇಕು. ಪಾಪುವಾ ನ್ಯೂಗಿನಿಯ ನ್ಯೂ ಬ್ರಿಟನ್ ದ್ವೀಪದಲ್ಲಿ ಸಾವಿರಾರು ವರ್ಷಗಳ ಸ್ಫೋಟಗಳ ನಡುವೆ ಜನರು ಮತ್ತೆ ಮತ್ತೆ ಬಂದು ನೆಲೆಸಿದುದನ್ನು ರಾಬಿನ್ ಟಾರೆನ್ಸ್ ಎಂಬ ವಿದುಷಿ ಸಂಶೋಧಿಸಿದ್ದಾರೆ. ಅಲ್ಲಿಯ ಗಾಜಿನಂತಹ ಕಪ್ಪು ಕಲ್ಲು ದೂರ ದೂರದ ದ್ವೀಪಗಳಿಗೆ ಕೈಯಿಂದ ಕೈಗೆ ಸಾಗುತ್ತಿತ್ತು. ಕಲ್ಲು ಸಾಗಿದ ದಾರಿಯಲ್ಲಿಯೇ ನೆಂಟಸ್ತನವೂ ಸಾಗಿರಬೇಕು. ಆಪತ್ಕಾಲದಲ್ಲಿ ಆ ದಾರಿಯಲ್ಲಿಯೇ ಮನುಷ್ಯರೂ ಸಾಗಿರಬೇಕು. ಕಣಜದ ಧಾನ್ಯವನ್ನು ಬೂದಿ ಮುಚ್ಚುತ್ತದೆ, ದೂರದ ನಂಟನ ಮನೆಯ ಧಾನ್ಯವನ್ನು ಮುಚ್ಚುವುದಿಲ್ಲ.

ಅದೇ ದ್ವೀಪದ ರಬಾಲ್ ಪಟ್ಟಣದಲ್ಲಿ 1937ರ ಸ್ಫೋಟದಿಂದ ಐನೂರರಷ್ಟು ಜನ ಸತ್ತಿದ್ದರು. 1994ರ ಸೆಪ್ಟೆಂಬರಿನಲ್ಲಿ ನೆಲ ನಡುಗತೊಡಗಿದಾಗ ಅಪ್ಪಣೆಗೆ ಕಾಯದೆಯೇ ಜನರು ಊರು ಬಿಟ್ಟು ನಡೆದರು. ಪಟ್ಟಣವು ಹಾಳಾದರೂ ಸತ್ತವರು ಬೆರಳೆಣಿಕೆಯಷ್ಟು ಮಾತ್ರ. ನಡುವೆ ಐವತ್ತೇಳು ವರ್ಷಗಳು ಕಳೆದಿದ್ದುವು. ಕಂಡವರು ಕಾಣದವರಿಗೆ ಹೇಳಿದ್ದರು, ಕಾಣದವರು ನಂಬಿದ್ದರು. ಹೇಳುವುದು ಹಿರಿಯರ ಋಣ, ನಂಬುವುದು ಕಿರಿಯರ ಋಣ. ಎರಡರಲ್ಲಿ ಒಂದು ತಪ್ಪಿದರೂ ಬೂದಿಯ ಲೆಕ್ಕದಲ್ಲಿ ಹೆಣಗಳ ಸಂಖ್ಯೆ ಏರುತ್ತದೆ.

ನೆನಪು ಯಾವಾಗಲೂ ಭಯದ ರೂಪದಲ್ಲಿಯೇ ಉಳಿಯಬೇಕೆಂದಿಲ್ಲ. ಹದಿನೇಳನೆಯ ಶತಮಾನದಲ್ಲಿ ನ್ಯೂಗಿನಿಯ ಕರಾವಳಿಯಾಚೆಯ ಲಾಂಗ್ ದ್ವೀಪವು ಸಿಡಿದು ಒಳನಾಡಿನ ಬೆಟ್ಟಸೀಮೆಯನ್ನೆಲ್ಲ ಕತ್ತಲಿನಲ್ಲಿ ಮುಳುಗಿಸಿತು. ರಸಲ್ ಬ್ಲಾಂಗ್ ಎಂಬವರು ಆ ‘ಕತ್ತಲೆಯ ಕಾಲ’ದ ಕಥೆಗಳನ್ನು ಊರೂರುಗಳಿಂದ ಕೂಡಿಸಿ 1982ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕೆಲವರ ಬಾಯಲ್ಲಿ ಅದು ಮನೆ ಕುಸಿದ, ಬೆಳೆ ಕೆಟ್ಟ, ಜನ ಸತ್ತ ಕಥೆ. ಕೆಲವರ ಬಾಯಲ್ಲಿ ಆಕಾಶದಿಂದ ಬಿದ್ದ ಮಣ್ಣಿನಿಂದ ಗೆಡ್ಡೆಗೆಣಸುಗಳು ಹುಲುಸಾದ ಕಥೆ. ಹುಲಿ ಎಂಬ ಹೆಸರಿನ ಅಲ್ಲಿಯ ಜನರಂತೂ (ಕನ್ನಡದ ಹುಲಿಗೂ ಆ ಹೆಸರಿಗೂ ನಂಟಿಲ್ಲ) ಸವೆದುಹೋಗುತ್ತಿರುವ ನೆಲಕ್ಕೆ ಕಳೆ ಬರಬೇಕಾದರೆ ಆ ಕತ್ತಲೆ ಮತ್ತೊಮ್ಮೆ ಬರಬೇಕೆಂದು ಬಗೆದು ಅದಕ್ಕಾಗಿ ವಿಧಿಗಳನ್ನಾಚರಿಸುತ್ತಿದ್ದರು. ಅದು ಬಂದಾಗ ಮನೆಯೊಳಗೆ ಹೇಗಿರಬೇಕು, ಯಾವ ನಡತೆಯನ್ನು ಪಾಲಿಸಬೇಕು ಎಂಬ ಕಟ್ಟಳೆಗಳೂ ಇದ್ದುವು. ಮುನ್ನೂರು ವರ್ಷಗಳ ಹಿಂದಣ ಆಪತ್ತು ಅವರಲ್ಲಿ ನಡತೆಯ ಪಾಠವಾಗಿ ಪರಿಣಮಿಸಿತ್ತು.

ಭಾರತಕ್ಕೂ ಇಂತಹ ಬೂದಿ ಬಿದ್ದದ್ದುಂಟು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ಟೋಬಾ ಸಿಡಿದಾಗ ಅದರ ಬೂದಿ ಸಮುದ್ರವನ್ನು ದಾಟಿ ಈ ದೇಶದ ಮೇಲೆಲ್ಲ ಸುರಿಯಿತು. ಆಂಧ್ರಪ್ರದೇಶದ ಬನಗಾನಪಲ್ಲಿಗೆ ಸಮೀಪದ, ಜುರ್ರೇರು ಕಣಿವೆಯ ಜ್ವಾಲಾಪುರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಮೈಕೆಲ್ ಪೆಟ್ರಾಗ್ಲಿಯಾ ಅವರೂ ಸಂಗಡಿಗರೊಡನೆ ಅದನ್ನು ಅಗೆದು 2007ರಲ್ಲಿ ವರದಿಯನ್ನು ಪ್ರಕಟಿಸಿದರು. ಊರಿನ ಹೆಸರನ್ನು ಕೇಳಿ ಏನೇನೋ ಕಲ್ಪಿಸಿಕೊಳ್ಳಬೇಕಾಗಿಲ್ಲ. ಹೆಸರಿಟ್ಟವರಿಗೆ ಟೋಬಾದ ಸುದ್ದಿ ಗೊತ್ತಿರಲು ಸಾಧ್ಯವಿಲ್ಲ. ಬೂದಿಯ ಕೆಳಗೂ ಕಲ್ಲಿನ ಆಯುಧಗಳು ಸಿಕ್ಕಿದುವು, ಮೇಲೂ ಸಿಕ್ಕಿದುವು. ಎರಡರ ಮಾಟದಲ್ಲಿಯೂ ಹೋಲಿಕೆಯಿತ್ತು. ಆ ಪ್ರಳಯದಲ್ಲಿ ಮನುಷ್ಯಕುಲವೇ ಅಳಿವಿನ ಅಂಚಿಗೆ ಬಂದಿತ್ತೆಂಬ ಮತವಿದ್ದ ಕಾಲದಲ್ಲಿ ಈ ಶೋಧಕರು, ಇಲ್ಲಿಯ ಜನ ಉಳಿದುಕೊಂಡು ಬಾಳನ್ನು ಮುಂದುವರಿಸಿದರೆಂದು ವಾದಿಸಿದರು. ವಿರೋಧಿಸುವವರೂ ಇದ್ದಾರೆ, ಕಾಡುಗಳು ಕ್ಷೀಣಿಸಿ ದೇಶವು ಬಹುಕಾಲ ಒಣಗಿತೆಂಬುದು ಅವರ ಪಕ್ಷ. 2020ರಲ್ಲಿ ಮಧ್ಯಪ್ರದೇಶದ ಸೋನ್ ನದಿಯ ಕಣಿವೆಯ ಢಾಬಾ ಎಂಬಲ್ಲಿಂದ ಬಂದ ಸಾಕ್ಷ್ಯವು ಜ್ವಾಲಾಪುರದವರ ಪಕ್ಷವನ್ನೇ ಬಲಪಡಿಸಿತು.

ಅವರ ಗೋರಿಗಳಾಗಲಿ, ಅವರು ನಡೆದ ದಾರಿಗಳಾಗಲಿ ಕಾಣಸಿಗವು. ಯಾರ ಮನೆಯ ಬಾಗಿಲು ಯಾರಿಗೆ ತೆರೆಯಿತೋ ಅದನ್ನು ಆ ಕಲ್ಲುಗಳು ಹೇಳುವುದಿಲ್ಲ. ಕೈಯಿಂದ ಕೈಗೆ ಬಂದ ಒಂದು ಕಸುಬು ಮಾತ್ರ ಬೂದಿಯ ಈಚೆಗೂ ದಾಟಿ ಬಂದಿದೆ. ಶೋಧಕರು ಅಗೆಯಲು ಹೋದ ಕಾಲದಲ್ಲಿ ಜ್ವಾಲಾಪುರದ ಸುತ್ತಣ ಹಳ್ಳಿಗರು ಆ ಬಿಳಿಯ ಬೂದಿಯನ್ನು ತೊಳೆಯುವ ಪುಡಿಯ ತಯಾರಿಕೆಗಾಗಿ ತೋಡಿ ಮಾರುತ್ತಿದ್ದರು.